ನಿಮ್ಮ ಭಾಷಾ ಕ್ಲಾಸಿಗೆ ಯಾವ ಪರೀಕ್ಷೆ ಸರಿ? ದಾವಣಗೆರೆಯಿಂದ ಒಂದು ಹೋಲಿಕೆ

ನನ್ನ ಜರ್ಮನ್ ಕ್ಲಾಸಿಗೆ ಹರಿಹರದಿಂದ ಒಬ್ಬ ಹುಡುಗಿ ಬರುತ್ತಿದ್ದಳು. ನರ್ಸಿಂಗ್ ಮುಗಿಸಿದ್ದಳು. ನಾನು ಕೊಟ್ಟ ಪ್ರತಿ ಕಿರು ಪರೀಕ್ಷೆಯಲ್ಲೂ 40ಕ್ಕೆ 36, 38 ತೆಗೆಯುತ್ತಿದ್ದಳು. ಬೆಂಗಳೂರಿಗೆ ಹೋಗಿ ಬಿ1, ಅಂದರೆ ಮಧ್ಯಮ ಹಂತದ, ಪರೀಕ್ಷೆ ಬರೆದಳು. ಓದುವುದು, ಕೇಳುವುದು, ಬರೆಯುವುದು ಮೂರೂ ಪಾಸು. ಮಾತಾಡುವುದರಲ್ಲಿ ಫೇಲು. ವಾಪಸ್ ಬಂದವಳು ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಒಂದೇ ಮಾತು ಹೇಳಿದಳು: "ಮೇಡಂ, ಕ್ಲಾಸಲ್ಲಿ ಮಾತಾಡಿದ್ದಕ್ಕೆ ಯಾವತ್ತೂ ಮಾರ್ಕ್ಸ್ ಇರಲಿಲ್ಲ ಅಲ್ವಾ, ಅದಕ್ಕೇ ನಾನು ಅದನ್ನ ಅಷ್ಟಾಗಿ ಓದಲಿಲ್ಲ."

ಅವಳು ಹೇಳಿದ್ದು ನಿಜ. ನನ್ನ ಪರೀಕ್ಷೆಗಳೆಲ್ಲ ಬಹು ಆಯ್ಕೆಯವು. ತಿದ್ದುವುದು ಸುಲಭ ಅಂತ ಹಾಗೆ ಮಾಡಿದ್ದೆ. ನಾನು ಯಾವುದಕ್ಕೆ ಮಾರ್ಕ್ಸ್ ಇಟ್ಟೆನೋ ಮಕ್ಕಳು ಅದನ್ನು ಕಲಿತರು. ಇಡದೇ ಇದ್ದದ್ದನ್ನು ಬಿಟ್ಟರು. ಭಾಷಾ ಪರೀಕ್ಷೆಯ ಬಗ್ಗೆ ಕೆಲಸ ಮಾಡುವವರು ಇದನ್ನು ವಾಶ್‌ಬ್ಯಾಕ್ ಅನ್ನುತ್ತಾರೆ. ಪರೀಕ್ಷೆ ಕೊನೆಯಲ್ಲಿ ಬಂದರೂ ಅದರ ಪರಿಣಾಮ ಹಿಂದಕ್ಕೆ ಹರಿದು ಮೊದಲ ದಿನದ ಪಾಠವನ್ನೇ ಬದಲಿಸುತ್ತದೆ ಅಂತ ಅರ್ಥ. ಆವತ್ತಿನಿಂದ ಒಂದೊಂದು ಬಗೆಯ ಪರೀಕ್ಷೆಯನ್ನೂ ನನ್ನ ಕ್ಲಾಸಿನಲ್ಲೇ ಮಾಡಿ ನೋಡಿದ್ದೇನೆ. ದಾವಣಗೆರೆ, ಚಿತ್ರದುರ್ಗದಲ್ಲಿ ಇಂಗ್ಲಿಷ್, ಜರ್ಮನ್, ಜಪಾನಿ ಕಲಿಸುವ ನನ್ನಂಥವರಿಗಾಗಿ, ಅಂದರೆ ಒಂದೇ ರೂಮು, ಒಬ್ಬರೇ ಟೀಚರು, ಇಪ್ಪತ್ತು ಮೂವತ್ತು ಮಕ್ಕಳು ಇರುವವರಿಗಾಗಿ, ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೇಳಿಕೊಳ್ಳಬೇಕಾದ್ದು

ಈ ಹುಡುಗ, ಈ ಹುಡುಗಿ ಈ ಭಾಷೆಯಲ್ಲಿ ನಾಳೆ ಯಾವ ಕೆಲಸ ಮಾಡಬೇಕು? ನರ್ಸ್ ಆದವಳು ರೋಗಿಯ ಮಾತು ಕೇಳಿ ಬರೆದುಕೊಳ್ಳಬೇಕು, ಶಿಫ್ಟ್ ಬದಲಾಗುವಾಗ ಮುಂದಿನವರಿಗೆ ಹೇಳಬೇಕು. ಎಂಜಿನಿಯರಿಂಗ್ ಮುಗಿಸಿ ಎಂ.ಎಸ್. ಮಾಡಲು ಹೊರಟ ಹುಡುಗ ಪಾಠ ಕೇಳಬೇಕು, ವರದಿ ಬರೆಯಬೇಕು. ಹತ್ತನೇ ಕ್ಲಾಸಿನ ಮಗು ಅಪರಿಚಿತವಾದ ಒಂದು ಪುಟ ಓದಿ ಅರ್ಥ ಮಾಡಿಕೊಂಡರೆ ಅದೇ ದೊಡ್ಡದು. ಮೂವರಿಗೂ ಒಂದೇ ಪೇಪರ್ ಕೊಟ್ಟರೆ ಇಬ್ಬರಿಗೆ ಅನ್ಯಾಯ ಆಗುತ್ತದೆ.

ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಆರು ಹಂತಗಳು, ಎ1ರಿಂದ ಸಿ2ವರೆಗೆ, ನಮಗೆ ಇಲ್ಲಿ ಉಪಯೋಗಕ್ಕೆ ಬರುತ್ತವೆ. ಅವು ವ್ಯಾಕರಣದ ಪಟ್ಟಿ ಅಲ್ಲ. ಈ ಹಂತದಲ್ಲಿ ಕಲಿಯುವವರು ಏನು ಮಾಡಬಲ್ಲರು ಅಂತ ಹೇಳುತ್ತವೆ. ಅದರಲ್ಲಿ ನಿಮ್ಮ ಮಕ್ಕಳಿಗೆ ಬೇಕಾದ ಐದಾರು ಸಾಲು ಆರಿಸಿ ಗೋಡೆಗೆ ಅಂಟಿಸಿ. ಪ್ರಶ್ನೆಪತ್ರಿಕೆ ಬರೆಯುವಾಗ ಅದನ್ನು ನೋಡುತ್ತಿರಿ.

ಬಹು ಆಯ್ಕೆ ಪ್ರಶ್ನೆ

ತಿದ್ದಲು ಹತ್ತು ನಿಮಿಷ. ಯಾರು ತಿದ್ದಿದರೂ ಅದೇ ಮಾರ್ಕ್ಸ್. ಓದಿ ಅರ್ಥವಾಯಿತಾ, ಕೇಳಿ ಅರ್ಥವಾಯಿತಾ ಅಂತ ಮಾತ್ರ ನೋಡಬೇಕಾದಾಗ ಇದು ಒಳ್ಳೆಯದೇ. ಬರೆಯಲು ಬಾರದ ಕಾರಣಕ್ಕೆ ಓದುವ ಮಾರ್ಕ್ಸ್ ಹೋಗುವುದಿಲ್ಲ.

ಆದರೆ ಲೆಕ್ಕ ನೋಡಿ. ನಾಲ್ಕು ಆಯ್ಕೆಯ 40 ಪ್ರಶ್ನೆಗೆ ಕಣ್ಣು ಮುಚ್ಚಿ ಗುರುತು ಹಾಕಿದರೂ ಸರಾಸರಿ 10 ಸರಿಯಾಗುತ್ತವೆ. ಜರ್ಮನ್ನಿನಲ್ಲಿ ಪದದ ಲಿಂಗ ತೋರಿಸುವ ದೇರ್, ದೀ, ದಾಸ್ ಕೇಳಿದರೆ ಇನ್ನೂ ಜಾಸ್ತಿ, ಮೂರಕ್ಕೊಂದು ಸರಿ. ನಮ್ಮ ಮಕ್ಕಳಿಗೆ ಇದು ನಿಜವಾಗಲೂ ಕಷ್ಟದ ಜಾಗ. ಕನ್ನಡದಲ್ಲಿ ಲಿಂಗ ಅರ್ಥದ ಮೇಲೆ ನಿಂತಿದೆ. ಜರ್ಮನ್ನಿನಲ್ಲಿ ಟೇಬಲ್ಲು ಗಂಡು, ದೀಪ ಹೆಣ್ಣು, ಹುಡುಗಿ ಅನ್ನೋ ಪದವೇ ನಪುಂಸಕ. ಇಂಥದ್ದನ್ನು ಊಹೆಗೆ ಬಿಟ್ಟರೆ ಮಗುವಿಗೆ ಬಂತೋ ಇಲ್ಲವೋ ನಮಗೆ ಗೊತ್ತಾಗುವುದೇ ಇಲ್ಲ.

ಇನ್ನೊಂದು ವಿಷಯ. ತಿದ್ದುವಾಗ ಉಳಿದ ಸಮಯ ಪ್ರಶ್ನೆ ಮಾಡುವಾಗ ಹೋಗುತ್ತದೆ. ತಪ್ಪು ಆಯ್ಕೆಗಳು ಮಕ್ಕಳು ನಿಜವಾಗಿ ಮಾಡುವ ತಪ್ಪುಗಳಾಗಿರಬೇಕು. ಸುಮ್ನೆ ಮೂರು ಪದ ತುಂಬಿಸಿದರೆ ಅದು ಪರೀಕ್ಷೆ ಅಲ್ಲ. ನಾನು ಮಕ್ಕಳ ನೋಟ್‌ಬುಕ್ಕಿನ ತಪ್ಪುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ಆಯ್ಕೆಗಳು ಅಲ್ಲಿಂದಲೇ ಬರುತ್ತವೆ.

ಬಿಟ್ಟ ಸ್ಥಳ: ಕ್ಲೋಜ್ ಮತ್ತು ಸಿ-ಟೆಸ್ಟ್

ಬಿಟ್ಟ ಸ್ಥಳ ತುಂಬಿರಿ ನಮಗೆಲ್ಲ ಗೊತ್ತು. ಅದನ್ನು ಇಡೀ ಬರಹಕ್ಕೆ ಹರಡಿ, ಐದಾರು ಪದಕ್ಕೊಂದು ಪದ ತೆಗೆದರೆ ಕ್ಲೋಜ್ ಆಗುತ್ತದೆ. ವಿಲ್ಸನ್ ಟೇಲರ್ 1953ರಲ್ಲಿ ಇದನ್ನು ಮುಂದಿಟ್ಟದ್ದು ಒಂದು ಬರಹ ಓದಲು ಎಷ್ಟು ಸುಲಭ ಅಂತ ಅಳೆಯಲು. ಭಾಷೆ ಕಲಿಸುವವರು ಆಮೇಲೆ ಅದನ್ನು ತೆಗೆದುಕೊಂಡರು.

ಕನ್ನಡದಲ್ಲೇ ಒಮ್ಮೆ ಮಾಡಿ ನೋಡಿ: "ಕಾವಲಿ ಮೇಲೆ ಹಿಟ್ಟು ಹುಯ್ದು, ಮೇಲೆ ______ ಹಾಕಿ, ಸೌದೆ ಉರಿಯಲ್ಲಿ ______ ಬೇಯಿಸುತ್ತಾರೆ." ಮೊದಲನೆಯದು ಬೆಣ್ಣೆ ಅಂತ ದಾವಣಗೆರೆಯ ಯಾವ ಮಗುವೂ ಹೇಳುತ್ತದೆ. ಅದು ಭಾಷೆ ಬಂದದ್ದಕ್ಕಲ್ಲ, ಊರು ಗೊತ್ತಿರುವುದಕ್ಕೆ. ಎರಡನೆಯದಕ್ಕೆ ಗರಿಗರಿಯಾಗಿ, ಕೆಂಪಗೆ, ಹದವಾಗಿ ಯಾವುದೂ ಆಗಬಹುದು. ಮೂಲದಲ್ಲಿದ್ದ ಪದಕ್ಕೆ ಮಾತ್ರ ಮಾರ್ಕ್ಸಾ, ಒಪ್ಪುವ ಯಾವ ಪದಕ್ಕಾದರೂ ಮಾರ್ಕ್ಸಾ? ತಿದ್ದಲು ಕೂರುವ ಮೊದಲೇ ಇದನ್ನು ತೀರ್ಮಾನ ಮಾಡಬೇಕು. ನಾನು ಒಪ್ಪುವ ಪದಕ್ಕೆಲ್ಲ ಕೊಡುತ್ತೇನೆ.

ಗೊತ್ತಿರುವ ಕತೆಯ ತೊಂದರೆ ನನಗೆ ಒಮ್ಮೆ ಚೆನ್ನಾಗಿ ಅರ್ಥವಾಯಿತು. ಒನಕೆ ಓಬವ್ವನ ಕತೆಯನ್ನು ಸರಳ ಇಂಗ್ಲಿಷಿನಲ್ಲಿ ಬರೆದು ಕ್ಲೋಜ್ ಮಾಡಿದೆ. ಇಡೀ ಕ್ಲಾಸ್ ತುಂಬಿಬಿಟ್ಟಿತು. ನೀರು, ಕಿಂಡಿ, ಒನಕೆ, ಹೈದರಾಲಿ ಎಲ್ಲ ಸರಿ. ಎಂಥ ಖುಷಿ ಆಯಿತು! ಮುಂದಿನ ವಾರ ಒಂದು ಅಂಚೆ ಕಚೇರಿಯ ಬಗ್ಗೆ ಅಷ್ಟೇ ಸುಲಭದ ಬರಹ ಕೊಟ್ಟೆ. ಅರ್ಧ ಕ್ಲಾಸ್ ಕುಸಿಯಿತು. ಮೊದಲ ವಾರ ನಾನು ಅಳೆದದ್ದು ಇಂಗ್ಲಿಷನ್ನಲ್ಲ, ಚಿತ್ರದುರ್ಗದ ಮಕ್ಕಳಿಗೆ ಓಬವ್ವ ಗೊತ್ತಾ ಅಂತ. ಪಾಠಕ್ಕೆ ಗೊತ್ತಿರುವ ಕತೆ ತೆಗೆದುಕೊಳ್ಳಿ, ಪರೀಕ್ಷೆಗೆ ಬೇಡ.

ಸಿ-ಟೆಸ್ಟ್ ಇದರ ತಂಗಿ ಇದ್ದ ಹಾಗೆ. ಕ್ಲಾಯ್ನ್-ಬ್ರೇಲಿ ಮತ್ತು ರಾಟ್ಸ್ ಎಂಬ ಇಬ್ಬರು 1981ರಲ್ಲಿ ಜರ್ಮನಿಯಲ್ಲಿ ರೂಪಿಸಿದರು. ಇಲ್ಲಿ ಇಡೀ ಪದ ತೆಗೆಯುವುದಿಲ್ಲ. ಎರಡನೇ ವಾಕ್ಯದಿಂದ ಶುರು ಮಾಡಿ, ಒಂದು ಬಿಟ್ಟು ಒಂದು ಪದದ ಕೊನೆಯ ಅರ್ಧ ಮಾತ್ರ ತೆಗೆಯುತ್ತಾರೆ. "ನಾಳೆ ಸಂ__ ಹೊರಡುವ ಬಸ್__ ಹಿರಿಯೂರಿನಲ್ಲಿ ನಿಲ್ಲು____" ಅನ್ನೋ ಥರ. ಸಾಮಾನ್ಯವಾಗಿ ಒಂದೇ ಉತ್ತರ ಹೊಂದುತ್ತದೆ, ಹಾಗಾಗಿ ತಿದ್ದುವಾಗ ಜಗಳವಿಲ್ಲ. ಒಂದೇ ದೊಡ್ಡ ಬರಹದ ಬದಲು ನಾಲ್ಕೈದು ಸಣ್ಣ ಬರಹ ಇಡುವುದರಿಂದ, ಒಂದು ವಿಷಯ ಯಾರಿಗೋ ಗೊತ್ತಿದ್ದರೂ ಅಷ್ಟು ವ್ಯತ್ಯಾಸ ಆಗುವುದಿಲ್ಲ. "ಯೂಟ್ಯೂಬಿನಲ್ಲಿ ಎ2 ಮುಗಿಸಿದ್ದೇನೆ" ಅಂತ ಬರುವವರನ್ನು ಯಾವ ಬ್ಯಾಚಿಗೆ ಹಾಕಬೇಕು ಅಂತ ನೋಡಲು ಇದಕ್ಕಿಂತ ಬೇಗನೆ ಮುಗಿಯುವ ದಾರಿ ನನಗೆ ಸಿಕ್ಕಿಲ್ಲ. ಆದರೆ ಇದರಿಂದ ಸೇರಿಸಿಕೊಳ್ಳಿ, ಇದರಿಂದ ಪಾಸು ಫೇಲು ಮಾಡಬೇಡಿ. ಸಿ-ಟೆಸ್ಟಿಗೆ ಅಭ್ಯಾಸ ಮಾಡುತ್ತಾ ಕೂತ ಮಗು ಬಾಯಿ ತೆರೆಯುವುದೇ ಇಲ್ಲ.

ಉಕ್ತಲೇಖನ

ಹಳೇ ಕಾಲದ್ದು ಅಂತ ಇದನ್ನು ಬದಿಗಿಟ್ಟವರು ಬಹಳ. ಭಾಷಾ ಪರೀಕ್ಷೆಯ ವಿದ್ವಾಂಸ ರಾಬರ್ಟ್ ಲಾಡೋ 1961ರಲ್ಲೇ ಇದರಿಂದ ಹೆಚ್ಚೇನೂ ಗೊತ್ತಾಗದು ಅಂದಿದ್ದರು. ಪದವನ್ನೂ ಪದದ ಕ್ರಮವನ್ನೂ ಟೀಚರೇ ಕೊಟ್ಟುಬಿಡುತ್ತಾರಲ್ಲ ಅನ್ನುವುದು ಅವರ ವಾದ. 1970ರ ದಶಕದಲ್ಲಿ ಅದೇ ಕ್ಷೇತ್ರದ ಜಾನ್ ಆಲರ್ ಅದನ್ನು ಒಪ್ಪಲಿಲ್ಲ. ಕಿವಿಗೆ ಬೀಳುವುದು ಬಿಡಿ ಪದಗಳಲ್ಲ, ಒಂದೇ ಹರಿವು. ಅದನ್ನು ಒಡೆದು ಅರ್ಥ ಕಟ್ಟಿಕೊಂಡರೆ ಮಾತ್ರ ಬರೆಯಲು ಸಾಧ್ಯ ಅಂದರು. ನನ್ನ ಕ್ಲಾಸಿನ ಅನುಭವ ಆಲರ್ ಪರವಾಗಿದೆ. ಒಂದೇ ಷರತ್ತು: ಮೂರು ಮೂರು ಪದ ಹೇಳಿ ನಿಲ್ಲಿಸಿದರೆ ಅದು ಬರೀ ಕಾಗುಣಿತದ ಪರೀಕ್ಷೆ. ಎಂಟು ಹತ್ತು ಪದ ಒಟ್ಟಿಗೆ ಹೇಳಿ. ಅರ್ಥವಾಗದವರಿಗೆ ಅಷ್ಟು ನೆನಪಿಟ್ಟುಕೊಳ್ಳಲು ಆಗುವುದಿಲ್ಲ. ಮೊದಲು ಇಡೀ ಬರಹ ಒಮ್ಮೆ ಸಹಜ ವೇಗದಲ್ಲಿ, ಆಮೇಲೆ ತುಂಡು ತುಂಡಾಗಿ, ಕೊನೆಗೆ ಮತ್ತೊಮ್ಮೆ ಇಡಿಯಾಗಿ ಓದಿ.

ನರ್ಸಿಂಗ್ ಮಕ್ಕಳಿಗಂತೂ ನಾನು ಇದನ್ನು ಬಿಡುವುದೇ ಇಲ್ಲ. ಕಾರಣ ಅಂಕಿಗಳು. ನಾವು ಇಪ್ಪತ್ತೈದು ಅನ್ನುತ್ತೇವೆ, ಹತ್ತರ ಸ್ಥಾನ ಮೊದಲು. ಜರ್ಮನ್ನರು ಅದನ್ನೇ ಐದು-ಮತ್ತು-ಇಪ್ಪತ್ತು ಅನ್ನುತ್ತಾರೆ. ರಕ್ತದೊತ್ತಡ 135 ಅಂತ ಹೇಳುವಾಗ ನೂರು, ಐದು-ಮತ್ತು-ಮೂವತ್ತು ಅಂತ ಕೇಳಿಸುತ್ತದೆ. ಕೈ ಕಿವಿಯ ಹಿಂದೆ ಓಡಿ 153 ಅಂತ ಬರೆದುಬಿಡುತ್ತದೆ. ವ್ಯಾಕರಣದಲ್ಲಿ ತುಂಬ ಮುಂದಿದ್ದ ಮಕ್ಕಳೂ ಇದರಲ್ಲಿ ಎಡವಿದ್ದನ್ನು ಪ್ರತಿ ಬ್ಯಾಚಿನಲ್ಲೂ ನೋಡಿದ್ದೇನೆ. ಅಲ್ಲಿ ದಶಾಂಶಕ್ಕೆ ಚುಕ್ಕಿ ಇಲ್ಲ, ಅಲ್ಪವಿರಾಮ. ಎರಡೂವರೆ ಮಿಲಿಗ್ರಾಂ ಅನ್ನುವುದನ್ನು ಎರಡು ಕೊಮಾ ಐದು ಅನ್ನುತ್ತಾರೆ. ಆಸ್ಪತ್ರೆಯಲ್ಲಿ ಇದು ಜೀವದ ಪ್ರಶ್ನೆ. ಹಾಗಾಗಿ ನನ್ನ ಉಕ್ತಲೇಖನದಲ್ಲಿ ಕಾಗುಣಿತ ತಪ್ಪಾದರೆ ಮಾರ್ಕ್ಸ್ ಕಳೆಯುವುದಿಲ್ಲ. ಅಂಕಿಯೊಂದು ತಪ್ಪಾದರೆ ಆ ಸಾಲಿಗೆ ಸೊನ್ನೆ. ಮೊದಲ ತಿಂಗಳು ಮಕ್ಕಳು ಅತ್ತಿದ್ದೂ ಇದೆ. ಮೂರನೇ ತಿಂಗಳಿಗೆ ಅಂಕಿ ತಪ್ಪುವವರು ಒಬ್ಬಿಬ್ಬರು ಉಳಿಯುತ್ತಾರೆ.

ಇಂಗ್ಲಿಷ್ ಕಲಿಸುವವರಿಗೂ ಇದೇ ಮಾತು. ಫಿಫ್ಟೀನ್, ಫಿಫ್ಟಿ, ಥರ್ಟೀನ್, ಥರ್ಟಿ. ಉಕ್ತಲೇಖನದಲ್ಲಿ ಬೇಕಂತಲೇ ಇವನ್ನು ಸೇರಿಸಿ.

ಅನುವಾದ

ಕಡಿಮೆ ಬಳಸಿ. ಆದರೆ ಪೂರ್ತಿ ಬಿಡಬೇಡಿ. "ನನಗೆ ತಲೆ ಸುತ್ತುತ್ತಿದೆ" ಅನ್ನುವುದನ್ನು ಜರ್ಮನ್ನಿನಲ್ಲಿ ಮಿಯರ್ ಇಸ್ಟ್ ಶ್ವಿಂಡ್ಲಿಶ್ ಅನ್ನುತ್ತಾರೆ. ಅಲ್ಲೂ "ನಾನು" ಇಲ್ಲ, "ನನಗೆ"ಯೇ ಇದೆ. "ನನಗೆ ಚಳಿ" ಕೂಡ ಹಾಗೇ. ಅವನು ಇವತ್ತು ಬರುತ್ತಾನೆ ಅಂತ ಗೊತ್ತು ಅನ್ನುವಾಗ ಒಳಗಿನ ವಾಕ್ಯದ ಕ್ರಿಯಾಪದ ನಮ್ಮಲ್ಲಿ ಇರುವ ಹಾಗೆ ಕೊನೆಗೇ ಹೋಗುತ್ತದೆ. ಇಂಗ್ಲಿಷ್ ಮೂಲಕ ಕಲಿಸುವ ಪುಸ್ತಕಗಳು ಇದನ್ನು ಕಷ್ಟ ಅನ್ನುತ್ತವೆ. ಕನ್ನಡದ ಮಗುವಿಗೆ ಇದು ಮನೆಯ ದಾರಿ. ಐದು ವಾಕ್ಯದ ಅನುವಾದ ಕೊಟ್ಟರೆ ಕನ್ನಡ ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಅಂತ ನಿಮಗೂ ಅವರಿಗೂ ಕಾಣುತ್ತದೆ. ಅಷ್ಟಕ್ಕೆ ಸಾಕು.

ಮೌಖಿಕ ಪರೀಕ್ಷೆ

ಎಲ್ಲರೂ ಬೇಕು ಅನ್ನುತ್ತಾರೆ, ಯಾರೂ ಮಾಡುವುದಿಲ್ಲ. ಸಮಯ ಇಲ್ಲ ಅನ್ನುವುದು ನಿಜವಾದ ಕಷ್ಟ. 24 ಮಕ್ಕಳಿಗೆ ತಲಾ ಹತ್ತು ನಿಮಿಷ ಅಂದರೆ ನಾಲ್ಕು ಗಂಟೆ. ನಾನು ಜೋಡಿ ಮಾಡುತ್ತೇನೆ. ಹನ್ನೆರಡು ಜೋಡಿ, ತಲಾ ಹನ್ನೆರಡು ನಿಮಿಷ, ಎರಡೂವರೆ ಗಂಟೆಯೊಳಗೆ ಮುಗಿಯುತ್ತದೆ. ಎರಡು ಸಂಜೆಗೆ ಹಂಚಿದರೆ ಭಾರವಾಗುವುದಿಲ್ಲ. ಜೋಡಿ ಮಾಡುವುದು ಬರೀ ಸಮಯ ಉಳಿಸಲು ಅಲ್ಲ. ಜರ್ಮನ್ ಪರೀಕ್ಷೆ ನಡೆಸುವ ಗೋಥೆ ಸಂಸ್ಥೆಯ ಬಿ1 ಪರೀಕ್ಷೆಯ ಮಾತಿನ ಭಾಗವೂ ಇಬ್ಬರಿಗೆ ಒಟ್ಟಿಗೆ ನಡೆಯುತ್ತದೆ, ಸುಮಾರು 15 ನಿಮಿಷ. ಇಬ್ಬರೂ ಸೇರಿ ಏನನ್ನಾದರೂ ಯೋಜನೆ ಮಾಡಬೇಕು, ಒಂದು ವಿಷಯ ಮಂಡಿಸಬೇಕು, ಪ್ರಶ್ನೆಗೆ ಉತ್ತರಿಸಬೇಕು.

ನಮ್ಮ ಮಕ್ಕಳ ದೊಡ್ಡ ತೊಂದರೆ ಬಾಯಿಪಾಠ. ಹೆಸರು, ಊರು, ಹವ್ಯಾಸ, ಅಪ್ಪ ಅಮ್ಮ ಏನು ಮಾಡುತ್ತಾರೆ ಅಂತ ಒಂದೇ ಉಸಿರಿಗೆ ಹೇಳಿ ನಿಲ್ಲುತ್ತಾರೆ. ಅದಕ್ಕೆ ಮಾರ್ಕ್ಸ್ ಕೊಟ್ಟರೆ ನೀವು ನೆನಪಿಗೆ ಮಾರ್ಕ್ಸ್ ಕೊಟ್ಟ ಹಾಗೆ. ಬದಲಿಗೆ ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದ ಹಾಗೆ ಮಾಡಿ. ನಾನು ಒಬ್ಬಳ ಕೈಗೆ ಬಸ್ಸಿನ ಸಮಯದ ಚೀಟಿ ಕೊಡುತ್ತೇನೆ. ಇನ್ನೊಬ್ಬಳ ಕೈಗೆ ಒಬ್ಬ ಜರ್ಮನ್ ಅತಿಥಿಯ ವಿವರ: ವಯಸ್ಸು 68, ಮಂಡಿ ನೋವು, ಹಳೇ ಕಟ್ಟಡ ಇಷ್ಟ, ಖಾರ ಆಗದು. ಒಂದು ದಿನದ ಪ್ರವಾಸ ಇಬ್ಬರೂ ಸೇರಿ ಮಾಡಬೇಕು. ಚಿತ್ರದುರ್ಗದ ಕೋಟೆಯಾ, ಸಂತೆಬೆನ್ನೂರಿನ ಪುಷ್ಕರಣಿಯಾ, ಸೂಳೆಕೆರೆಯಾ? ಏಳು ಸುತ್ತಿನ ಕೋಟೆ ಹತ್ತಲು ಅವರ ಮಂಡಿ ಬಿಡುತ್ತದಾ? ಮಂಡಕ್ಕಿ ಮೆಣಸಿನಕಾಯಿ ಕೊಡಬಹುದಾ? ಮಕ್ಕಳು ವಾದ ಮಾಡುತ್ತಾರೆ, ನಗುತ್ತಾರೆ, ಪದ ಸಿಗದಿದ್ದರೆ ಕೈಯಲ್ಲಿ ತೋರಿಸುತ್ತಾರೆ. ಪರೀಕ್ಷೆ ಅನ್ನುವುದು ಮರೆತುಹೋಗುತ್ತದೆ. ಅವರಿಗೆ ನಿಜವಾಗಿ ಎಷ್ಟು ಬರುತ್ತದೆ ಅನ್ನುವುದು ಆಗ ಕೇಳಿಸುತ್ತದೆ.

ಮಾರ್ಕ್ಸ್ ಕೊಡುವುದೇ ಇಲ್ಲಿ ಕಷ್ಟದ ಕೆಲಸ. ಒಮ್ಮೆ ನಾನೂ ಇನ್ನೊಬ್ಬ ಟೀಚರೂ ಒಂದೇ ರೆಕಾರ್ಡಿಂಗ್ ಕೇಳಿ ಬೇರೆ ಬೇರೆ ಕೂತು ಮಾರ್ಕ್ಸ್ ಹಾಕಿದೆವು. ನಾನು 20ಕ್ಕೆ 14, ಅವರು 9. ನಾನು ಧೈರ್ಯವಾಗಿ ಮಾತಾಡಿದ್ದನ್ನು ಮೆಚ್ಚಿದ್ದೆ, ಅವರು ಕ್ರಿಯಾಪದದ ತಪ್ಪು ಎಣಿಸಿದ್ದರು. ಮಗು ಒಂದೇ, ಮಾತೂ ಒಂದೇ. ಅವತ್ತೇ ಕೂತು ನಾಲ್ಕು ಸಾಲು ಬರೆದೆವು: ಕೇಳುವವರಿಗೆ ಕೆಲಸ ಆಯಿತಾ, ಜೊತೆಯವರ ಮಾತಿಗೆ ಹೊಂದಿಕೊಂಡು ಉತ್ತರ ಕೊಟ್ಟರಾ, ಉಚ್ಚಾರಣೆ ತಿಳಿಯುತ್ತದಾ, ವ್ಯಾಕರಣ ಅರ್ಥ ಕೆಡಿಸಿತಾ. ತಲಾ ಐದು ಮಾರ್ಕ್ಸ್. ಈಗ ನಮ್ಮಿಬ್ಬರ ನಡುವೆ ಮೂರಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಮತ್ತೊಮ್ಮೆ ಕೇಳುತ್ತೇವೆ. ನಿಮಗೆ ಜೊತೆಗಾರರು ಇಲ್ಲದಿದ್ದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಎರಡು ದಿನ ಬಿಟ್ಟು ಬೇರೆ ಕ್ರಮದಲ್ಲಿ ಕೇಳಿ ಮತ್ತೆ ಮಾರ್ಕ್ಸ್ ಹಾಕಿ. ತುಂಬ ಚೆನ್ನಾಗಿ ಮಾತಾಡಿದವರ ನಂತರ ಬಂದ ಮಗುವಿಗೆ ನಮಗೇ ತಿಳಿಯದೆ ಕಡಿಮೆ ಹಾಕಿರುತ್ತೇವೆ.

ಇದರ ಜೊತೆಗೆ ತಿಂಗಳಿಗೊಂದು ವಾಯ್ಸ್ ಮೆಸೇಜ್ ಕಳಿಸಲು ಹೇಳುತ್ತೇನೆ. ಅದಕ್ಕೆ ಮಾರ್ಕ್ಸ್ ಇಲ್ಲ. ಮೂರನೇ ತಿಂಗಳು ಮೊದಲ ತಿಂಗಳದ್ದನ್ನು ಅವರಿಗೇ ಕೇಳಿಸುತ್ತೇನೆ. ಜಗಳೂರಿನ ಒಬ್ಬ ಹುಡುಗ ತನ್ನ ಹಳೇ ದನಿ ಕೇಳಿ, "ಇದು ನಾನಾ ಮೇಡಂ?" ಅಂದಿದ್ದ.

ಹಾಗಾದರೆ ಎಷ್ಟೆಷ್ಟು?

ನನ್ನ ಮೂರು ತಿಂಗಳ ಬ್ಯಾಚಿನಲ್ಲಿ ಸೇರುವಾಗ ಸಿ-ಟೆಸ್ಟ್. ಪ್ರತಿ ವಾರ ಹತ್ತು ನಿಮಿಷದ ಉಕ್ತಲೇಖನ. ಎರಡು ವಾರಕ್ಕೊಮ್ಮೆ ಬಹು ಆಯ್ಕೆಯ ಓದು ಅಥವಾ ಕೇಳುವ ಪರೀಕ್ಷೆ. ತಿಂಗಳಿಗೊಮ್ಮೆ ಒಂದು ಪತ್ರ ಬರೆಯುವುದು, ಒಂದು ಜೋಡಿ ಮೌಖಿಕ. ಒಟ್ಟು ಮಾರ್ಕ್ಸಿನಲ್ಲಿ ಮಾತಿಗೆ ಮೂರನೇ ಒಂದು ಭಾಗ. ಪಾಸಿಗೆ 60. ಮೂವತ್ತೈದು ಬಂದರೆ ಸಾಕು ಅನ್ನೋ ಶಾಲೆಯ ಹಳೇ ಅಭ್ಯಾಸ ಇಲ್ಲಿ ನಡೆಯದು, ಯಾಕೆಂದರೆ ಗೋಥೆ ಬಿ1ರಲ್ಲಿ ಪ್ರತಿ ಭಾಗಕ್ಕೂ, ಅಂದರೆ ಮಾಡ್ಯೂಲಿಗೂ, 100ಕ್ಕೆ 60 ಬೇಕು.

ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವರಿಗೆ ಇಷ್ಟು ಸ್ವಾತಂತ್ರ್ಯ ಇಲ್ಲ, ಗೊತ್ತು. ಎಸ್ಸೆಸ್ಸೆಲ್ಸಿ ಪೇಪರ್ ಇರುವುದೇ ಬರವಣಿಗೆಯಲ್ಲಿ. ಆದರೆ ವರ್ಷದ ನಡುವೆ ಶಾಲೆಯಲ್ಲೇ ಮಾಡುವ ರೂಪಣಾತ್ಮಕ ಮೌಲ್ಯಮಾಪನ ನಿಮ್ಮ ಕೈಯಲ್ಲೇ ಇದೆ. ಅದನ್ನು ಪ್ರಾಜೆಕ್ಟ್ ಹಾಳೆ ಅಂಟಿಸುವುದಕ್ಕೆ ಖರ್ಚು ಮಾಡದೆ, ಒಂದಾದರೂ ಮಾತಿಗೆ, ಒಂದಾದರೂ ಕೇಳುವುದಕ್ಕೆ ಇಡಿ.

ಹೊರಗಿನ ಪರೀಕ್ಷೆ ಆರಿಸುವಾಗ

ನರ್ಸಿಂಗ್ ಮಕ್ಕಳು ಇಂಗ್ಲೆಂಡಿಗೆ ಹೋಗುವುದಾದರೆ ಐಇಎಲ್‌ಟಿಎಸ್ ಅಥವಾ ಓಇಟಿ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆಯಬೇಕು. ಅಲ್ಲಿನ ನರ್ಸಿಂಗ್ ಮಂಡಳಿ ಎರಡನ್ನೂ ಒಪ್ಪುತ್ತದೆ. ಐಇಎಲ್‌ಟಿಎಸ್‌ನಲ್ಲಿ ಬರವಣಿಗೆಗೆ 6.5, ಉಳಿದ ಮೂರಕ್ಕೂ 7 ಬೇಕು. ಓಇಟಿಯಲ್ಲಿ ಬರವಣಿಗೆಗೆ ಸಿ ಪ್ಲಸ್, ಉಳಿದದ್ದಕ್ಕೆ ಬಿ. ಐಇಎಲ್‌ಟಿಎಸ್ ಯಾವ ವಿಷಯವನ್ನಾದರೂ ಕೇಳುತ್ತದೆ. ಪ್ರಬಂಧ ಬರೆಯಬೇಕು, ಪರೀಕ್ಷಕರ ಎದುರು 11ರಿಂದ 14 ನಿಮಿಷ ಮಾತಾಡಬೇಕು. ಓಇಟಿ ಆರೋಗ್ಯ ಕ್ಷೇತ್ರದ 12 ವೃತ್ತಿಗಳಿಗೆಂದೇ ಇರುವುದು. ರೋಗಿಯ ವಿವರ ಓದಿ ಪತ್ರ ಬರೆಯಬೇಕು, ರೋಗಿಯ ಜೊತೆ ಮಾತಾಡುವ ಎರಡು ಪಾತ್ರಾಭಿನಯ ಇರುತ್ತದೆ. ಶುಲ್ಕ ಐಇಎಲ್‌ಟಿಎಸ್‌ಗಿಂತ ಬಹಳ ಜಾಸ್ತಿ. ಆದರೂ ವಾರ್ಡಿನಲ್ಲಿ ಕೆಲಸ ಮಾಡಿದ, ಪ್ರಬಂಧ ಬರೆದು ಅಭ್ಯಾಸವಿಲ್ಲದ ಮಕ್ಕಳಿಗೆ ನಾನು ಓಇಟಿ ಹೇಳುತ್ತೇನೆ. ಅದಕ್ಕೆ ಓದಿದ್ದು ಕೆಲಸಕ್ಕೂ ಬರುತ್ತದೆ. ಬೇರೆ ಕಡೆಯೂ ಅರ್ಜಿ ಹಾಕುವ ಯೋಚನೆ ಇದ್ದರೆ ಐಇಎಲ್‌ಟಿಎಸ್. ನೆನಪಿರಲಿ, ಅದು ಸಾಮಾನ್ಯವಾಗಿ ಎರಡು ವರ್ಷಕ್ಕೆ ಮಾತ್ರ ಚಾಲ್ತಿ.

ಪಿಟಿಇ ಅನ್ನುವ ಇನ್ನೊಂದು ಇಂಗ್ಲಿಷ್ ಪರೀಕ್ಷೆಯಲ್ಲಿ ಕಂಪ್ಯೂಟರಿಗೆ ಮಾತಾಡಬೇಕು. ಎದುರಿಗೆ ಮನುಷ್ಯರಿದ್ದರೆ ಗಂಟಲು ಕಟ್ಟುವ ಮಕ್ಕಳಿಗೆ ಅದು ಹಗುರ ಅನ್ನಿಸಬಹುದು. ಜಪಾನಿ ಕಲಿಯುವವರು ಒಂದು ವಿಷಯ ತಿಳಿದಿರಲಿ: ಜೆಎಲ್‌ಪಿಟಿ ಅನ್ನುವ ಜಪಾನಿ ಭಾಷಾ ಪರೀಕ್ಷೆಯಲ್ಲಿ ಎನ್5ರಿಂದ ಎನ್1ವರೆಗೆ ಐದು ಹಂತ ಇದ್ದರೂ ಮಾತಿನ ಪರೀಕ್ಷೆ ಇಲ್ಲ, ಬರವಣಿಗೆಯೂ ಇಲ್ಲ. ಪ್ರಮಾಣಪತ್ರ ಸಿಕ್ಕ ಮೇಲೂ ಮಾತು ಬೇರೆಯಾಗಿಯೇ ಕಲಿಯಬೇಕು, ಅಂದರೆ ಅದರ ಮೌಖಿಕ ನೀವೇ ಕ್ಲಾಸಿನಲ್ಲಿ ಮಾಡಬೇಕು.

ಜರ್ಮನಿಗೆ ಹೋಗುವ ನರ್ಸ್‌ಗಳಿಗೆ ಸಾಮಾನ್ಯವಾಗಿ ಬಿ2 ಬೇಕಾಗುತ್ತದೆ. ಗೋಥೆ ಬಿ1, ಬಿ2ರಲ್ಲಿ ಓದು, ಕೇಳುವುದು, ಬರಹ, ಮಾತು ನಾಲ್ಕನ್ನೂ ಬೇರೆ ಬೇರೆಯಾಗಿ ಬರೆಯಬಹುದು. ಒಂದು ಹೋದರೆ ಅದೊಂದನ್ನೇ ಮತ್ತೆ ಕಟ್ಟಿದರಾಯಿತು. ನಮ್ಮ ಮಕ್ಕಳ ಜೇಬಿಗೆ ಇದು ದೊಡ್ಡ ಅನುಕೂಲ. ಹರಿಹರದ ಹುಡುಗಿಯೂ ಎರಡನೇ ಸಲ ಮಾತಿನ ಮಾಡ್ಯೂಲಿಗೆ ಮಾತ್ರ ಹೆಸರು ಕೊಟ್ಟಳು. ಅಷ್ಟರಲ್ಲಿ ಎರಡು ತಿಂಗಳು ವಾರಕ್ಕೆರಡು ಸಂಜೆ ನಾನು ಅವಳಿಗೆ ಜೋಡಿ ಹುಡುಕಿ ಕೂರಿಸಿ ಮಾತಾಡಿಸಿದ್ದೆ. ಪಾಸಾದಳು.

ಮೊದಲ ಸಲ ಅವಳು ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಹೋಗಿ ಬೆಳಿಗ್ಗೆ ನೇರ ಪರೀಕ್ಷೆಗೆ ಕೂತಿದ್ದಳು. ಎರಡನೇ ಸಲ ಹಿಂದಿನ ದಿನವೇ ರೈಲು ಹತ್ತಿದಳು. ನಿಮ್ಮ ಮಕ್ಕಳಿಗೂ ಹಾಗೇ ಹೇಳಿ. ಇಲ್ಲಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್. ಒಂದು ರಾತ್ರಿ ಅಲ್ಲಿ ಉಳಿಯುವ ಖರ್ಚನ್ನು ಪರೀಕ್ಷಾ ಶುಲ್ಕದ ಜೊತೆಗೇ ಲೆಕ್ಕ ಹಾಕಿಕೊಳ್ಳಲಿ.